ಜಗಲಿಯ ಕಂಬದಿಂದ ನಾನು ಬಿಚ್ಚಿದ ಗಂಟು

ದೇವಕಿ, ನಿನ್ನ ಬಲಗೈ ಸುಟ್ಟುಹೋದದ್ದು ನಿನ್ನ ತಾಯಿಯ ಅಜಾಗ್ರತೆಯಿಂದಲ್ಲ. ನನ್ನಿಂದ. ಅವರು ನಿನ್ನನ್ನು ಜಗಲಿಯ ಕಂಬಕ್ಕೆ ಕಟ್ಟಿದ್ದರು. ಆ ಗಂಟನ್ನು ಬಿಚ್ಚಿದವಳು ನಾನು. ಮತ್ತೆ ಕಟ್ಟಲು ಹೊರಟಾಗ ತಡೆದವಳು ನಾನು. ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿ, ನೋಡಿಕೊಳ್ಳದೆ, ಆಮೇಲೆ ಹಾಗೆ ಹೇಳಲೇ ಇಲ್ಲವೆಂದು ನಾಲ್ಕು ಜನರ ಎದುರು ಸುಳ್ಳು ಹೇಳಿದವಳೂ ನಾನೇ.

ಇಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಯಾಕೆ ಎಂದು ನೀನು ಕೇಳಬಹುದು. ಕೇಳು. ಉತ್ತರ ಸುಲಭ — ಹೇಳದೆ ಇದ್ದುದರಿಂದ ನನಗೇನೂ ನಷ್ಟವಾಗಲಿಲ್ಲ. ನಷ್ಟವೆಲ್ಲ ನಿನ್ನದು, ಪೂವಕ್ಕನದು. ನನಗೆ ಸಂಬಳ ಬಂತು, ಬಡ್ತಿ ಬಂತು, ಊರಲ್ಲಿ ಮರ್ಯಾದೆ ಬಂತು.

ಪೂವಕ್ಕ ಎಂದರೆ ನಿನ್ನ ತಾಯಿ. ನಿನಗೆ ಆ ಹೆಸರನ್ನಾದರೂ ಯಾರಾದರೂ ಹೇಳಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಿನ್ನ ಅಪ್ಪನ ಮನೆಯಲ್ಲಿ ಅವರನ್ನು 'ಅವಳು' ಎನ್ನುವುದನ್ನು ಮಾತ್ರ ನಾನು ಕೇಳಿದ್ದೇನೆ. ಅವರು ನನಗಿಂತ ದೊಡ್ಡವರು. ಆದರೂ ನಾನು ಅವರನ್ನು 'ನೀನು' ಎನ್ನುತ್ತಿದ್ದೆ, ಅವರು ನನ್ನನ್ನು 'ನೀವು' ಎನ್ನುತ್ತಿದ್ದರು. ನಾನು ಸರಕಾರದಿಂದ ಬಂದವಳಲ್ಲವೇ! ಇಂದು ಬರೆಯುವಾಗಲಾದರೂ 'ಅವರು' ಎನ್ನುತ್ತೇನೆ. ಇದರಿಂದ ಯಾರಿಗೆ ಏನು ಲಾಭವೋ —

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ನಾನು ಪುತ್ತೂರಿನ ಪೇಟೆಯಲ್ಲಿ ಬೆಳೆದವಳು. ಎಸ್ಸೆಸ್ಸೆಲ್ಸಿ ಮುಗಿಸಿ, ಗ್ರಾಮಸೇವಿಕೆಯ ತರಬೇತಿ ಪಡೆದು, ಸುಳ್ಯದ ಕಡೆಗೆ ನೇಮಕವಾಗಿ ಬಂದೆ. ಹಳ್ಳಿಯ ಹೆಂಗಸರಿಗೆ ಶುಚಿತ್ವ ಕಲಿಸುವುದು, ಮಕ್ಕಳನ್ನು ಸಾಕುವ ಕ್ರಮ ಹೇಳಿಕೊಡುವುದು, ಹೊಗೆ ಇಲ್ಲದ ಒಲೆ ಹಾಕಿಸುವುದು ನನ್ನ ಕೆಲಸ. ಮಕ್ಕಳನ್ನು ಸಾಕುವ ಕ್ರಮ! ನನಗಾಗ ಮದುವೆಯೂ ಆಗಿರಲಿಲ್ಲ. ಒಂದು ಮಗುವನ್ನು ಅರ್ಧ ದಿನ ಸೊಂಟದಲ್ಲಿ ಹೊತ್ತವಳಲ್ಲ. ಆದರೂ ಬಗಲಲ್ಲಿ ಚೀಲ, ಕೈಯಲ್ಲಿ ಕೊಡೆ, ಬಾಯಲ್ಲಿ ಉಪದೇಶ — ಆಲೆಟ್ಟಿಯಿಂದ ಮಂಡೆಕೋಲಿನವರೆಗೆ ನಾನು ನಡೆಯದ ದಾರಿ ಇಲ್ಲ, ಹತ್ತದ ಜಗಲಿ ಇಲ್ಲ.

ನಿಮ್ಮ ಮನೆ ಆಲೆಟ್ಟಿಯಿಂದ ಆಚೆ, ಗದ್ದೆಯ ಬದುವಿನಲ್ಲಿ ತುಂಬ ನಡೆದರೆ ಸಿಗುವ ಗೇಣಿಯವರ ಮನೆ. ಮನೆಯಲ್ಲಿ ನಿಮ್ಮ ಅರೆಭಾಷೆ. ನಾನು ಬಂದರೆ ಎಲ್ಲರೂ ಪುಸ್ತಕದ ಕನ್ನಡಕ್ಕೆ ಹೊರಳುತ್ತಿದ್ದರು. ಮೊದಲ ಸಲ ನಾನು ಅಂಗಳಕ್ಕೆ ಕಾಲಿಟ್ಟಾಗ ಯಾರೂ ಕಾಣಲಿಲ್ಲ. ಜಗಲಿಯ ಕಂಬದ ಬುಡದಲ್ಲಿ ನೀನು ಕೂತಿದ್ದೆ. ಸೊಂಟಕ್ಕೆ ಹಳೆಯ ಸೀರೆಯ ತುಂಡು ಸುತ್ತಿ, ಬೆನ್ನ ಹಿಂದೆ ಗಂಟು ಹಾಕಿ, ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿದಿದ್ದರು. ನಿನಗಾಗ ಎರಡು ತುಂಬಿರಲಿಲ್ಲ. ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬುವುದು, ಸುರಿಯುವುದು, ಮತ್ತೆ ತುಂಬುವುದು — ಅಳುತ್ತಿರಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ. ಮುಂದೆ ನೂರಾರು ಹೆಂಗಸರಿಗೆ ಭಾಷಣ ಮಾಡುವಾಗ 'ಕಟ್ಟಿಹಾಕಿದ ಮಗು ಅಳುತ್ತಿತ್ತು' ಎಂದಿದ್ದೇನೆ. ಸುಳ್ಳು. ನೀನು ಆಡುತ್ತಿದ್ದೆ.

ಗದ್ದೆಯಿಂದ ಓಡಿ ಬಂದ ಪೂವಕ್ಕ ಕೆಸರು ಕೈಯನ್ನು ಸೀರೆಗೆ ಒರೆಸುವ ಮೊದಲೇ ನಾನು ಶುರುಮಾಡಿದೆ. "ಇದೆಂತ ಕರುವಾ, ಕಟ್ಟಿಹಾಕ್ಲಿಕ್ಕೆ? ಕರುಳು ಎಂಬುದು ಉಂಟಾ ಇಲ್ವಾ ನಿನಗೆ?"

ಅವರು ತಲೆತಗ್ಗಿಸುವ ಜಾತಿಯ ಹೆಂಗಸಲ್ಲ. ನೆಟ್ಟಗೆ ನೋಡಿ ಹೇಳಿದರು: "ಕರುಳು ಉಂಟು ಅಂತಲೇ ಕಟ್ಟುದು ಅಕ್ಕ. ನಾನು ಗದ್ದೆಯಲ್ಲಿದ್ರೆ ಇವಳ ಹಿಂದೆ ಓಡುದು ಯಾರು? ಅತ್ತೆಗೆ ಕಣ್ಣು ಕಾಣುದಿಲ್ಲ, ಮಾವ, ಇವಳ ಅಪ್ಪ ಇಬ್ರೂ ಎತ್ತಿನ ಹಿಂದೆ. ನೀವು ಬರ್ತೀರಾ ನೋಡ್ಕೊಳ್ಳಿಕ್ಕೆ?"

ಒಳಗಿನಿಂದ ನಿನ್ನ ಅಜ್ಜಿ ನಕ್ಕರು. "ಇವಳ ಅಪ್ಪನನ್ನೂ ಇದೇ ಕಂಬಕ್ಕೆ ಕಟ್ಟಿಯೇ ದೊಡ್ಡ ಮಾಡಿದ್ದು ಅಮ್ಮ, ಅವನಿಗೆಂತ ಆಗ್ಲಿಲ್ಲ" ಎಂದರು. ಈ ಮಾತನ್ನು ನೆನಪಿಟ್ಟುಕೊ ದೇವಕಿ. ಇದನ್ನು ಹೇಳಿದ ಬಾಯಿ ಮುಂದೆ ಹೇಗೆ ಮುಚ್ಚಿಕೊಂಡಿತು ಎಂದು ಹೇಳುತ್ತೇನೆ.

ನನಗೆ ಸಿಟ್ಟು ನೆತ್ತಿಗೇರಿತು. ಉತ್ತರ ಕೊಟ್ಟಳಲ್ಲ! ನಾನು ಕಲಿತ ಪಾಠದಲ್ಲಿ ಹೆಂಗಸರು ಉತ್ತರ ಕೊಡುವ ಜಾಗ ಇರಲಿಲ್ಲ. ಆದರೆ ಆ ಬಟ್ಟೆ ಎಲ್ಲಿಯವರೆಗೆ ಬರುತ್ತದೆ ಎಂದು ನಾನು ಒಮ್ಮೆಯಾದರೂ ನೋಡಿದೆನೇ? ನೋಡಲಿಲ್ಲ. ಜಗಲಿಯ ಮೆಟ್ಟಿಲಿನವರೆಗೆ ಬರುತ್ತಿತ್ತು. ಅಂಗಳದ ಮೂಲೆಯಲ್ಲಿ ಭತ್ತ ಬೇಯಿಸುವ ಒಲೆಗೆ ಮುಟ್ಟುತ್ತಿರಲಿಲ್ಲ. ಬಾವಿಗೆ ಮುಟ್ಟುತ್ತಿರಲಿಲ್ಲ. ಅಷ್ಟು ಲೆಕ್ಕ ಹಾಕಿಯೇ ಹರಿದ ಬಟ್ಟೆ ಅದು.

ಮಗುವನ್ನು ಕಟ್ಟಿಡುವುದು ಒಳ್ಳೆಯದು ಎಂದು ನಾನೀಗ ಹೇಳುತ್ತಿಲ್ಲ. ಒಳ್ಳೆಯದಲ್ಲ. ಯಾವ ತಾಯಿಗೂ ಅದು ಬೇಕಾಗಬಾರದು. ಆದರೆ ಅದನ್ನು ಬಿಡಿಸುವವರು ಅದರ ಬದಲಿಗೆ ಏನನ್ನಾದರೂ ಕೊಡಬೇಡವೇ? ಒಂದು ಬಾಲವಾಡಿ, ಒಬ್ಬ ಆಯಾ, ಕೊನೆಗೆ ಒಲೆಯ ಸುತ್ತ ಮೊಣಕಾಲೆತ್ತರದ ಒಂದು ಮಣ್ಣಿನ ಗೋಡೆ? ನಮ್ಮ ಕಡೆ ತೆಂಗಿನ ಸಸಿಗೆ ದನ ಬಾಯಿ ಹಾಕದಂತೆ ಬೇಲಿ ಉಂಟು. ಬಸಳೆಯ ಬುಡವನ್ನು ಕೋಳಿ ಕೆದಕದಂತೆ ಮುಳ್ಳಿನ ಬೇಲಿ ಉಂಟು. ಬಸಳೆಗೆ! ಮಗು ನಡೆದಾಡುವ ಅಂಗಳದಲ್ಲಿ ಉರಿಯುವ ಒಲೆಗೆ ಬೇಲಿ ಇಲ್ಲ. ಅದನ್ನು ನಿಮ್ಮ ಮನೆಯ ಗಂಡಸರು ಕೇಳಲಿಲ್ಲ, ಗೇಣಿ ಕೊಂಡೊಯ್ಯುವ ಧಣಿ ಕೇಳಲಿಲ್ಲ, ಚೀಲ ಹೊತ್ತು ಬಂದ ನಾನೂ ಕೇಳಲಿಲ್ಲ. ನಮಗೆಲ್ಲ ಕಂಡದ್ದು ಪೂವಕ್ಕನ ಕೈಯ ಬಟ್ಟೆ ಒಂದೇ.

ಆ ವರ್ಷ ನಿಮ್ಮ ಅಡಿಗೆಕೋಣೆಯಲ್ಲಿ ನಾನು ಹೊಗೆ ಇಲ್ಲದ ಒಲೆ ಹಾಕಿಸಿದೆ. ಪೂವಕ್ಕನೇ ಮಣ್ಣು ಕಲಸಿದರು, ಅಳತೆ ನಾನು ಹೇಳಿದೆ. ಚೆನ್ನಾಗಿ ಬಂತು. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತಿತ್ತು. ಬೆಂಕಿ ಒಳಗೇ, ಕೆಂಡ ಹೊರಗೆ ಬೀಳುವ ಹಾಗಿಲ್ಲ. ಪೂವಕ್ಕನಿಗೂ ಖುಷಿಯಾಗಿತ್ತು. "ಕಣ್ಣಲ್ಲಿ ನೀರು ಬರುದಿಲ್ಲ ಈಗ" ಎಂದಿದ್ದರು. ನನ್ನ ಮೇಲಿನ ಸಾಹೇಬರಿಗೆ ನಾನು ಇದನ್ನು ಎಷ್ಟು ಬಣ್ಣಿಸಿದೆನೆಂದರೆ, ಅವರು ಇನ್ನಿಬ್ಬರು ದೊಡ್ಡವರನ್ನು ಕರೆದುಕೊಂಡು ಸ್ವತಃ ನೋಡಲು ಹೊರಟರು. ಕ್ಯಾಮೆರಾವೂ ಬರುತ್ತದೆ ಎಂದು ತಿಳಿಯಿತು.

ಅವರು ಬರುವ ದಿನವೇ ನಿಮ್ಮಲ್ಲಿ ಭತ್ತ ಬೇಯಿಸುವುದಿತ್ತು. ನಾನು ಬೇಡ ಎಂದೆ. ನೆನೆಹಾಕಿ ಆಗಿದೆ, ಇನ್ನು ಬಿಟ್ಟರೆ ಭತ್ತ ಹುಳಿವಾಸನೆ ಬರುತ್ತದೆ, ಅಕ್ಕಿ ಕೆಡುತ್ತದೆ ಎಂದರು. ಸರಿ, ಸಾಹೇಬರು ಬರುವುದರೊಳಗೆ ಮುಗಿಸಿಬಿಡಿ ಎಂದೆ. ಆ ಬೆಳಿಗ್ಗೆ ನಾನು ಬಂದಾಗ ಅಂಗಳದ ಮೂಲೆಯಲ್ಲಿ ಮೂರು ಕಲ್ಲಿನ ಮೇಲೆ ದೊಡ್ಡ ಕೊಪ್ಪರಿಗೆ. ಪೂವಕ್ಕ ಬೆಂದ ಭತ್ತವನ್ನು ಕುಕ್ಕೆಯಲ್ಲಿ ತೋಡಿ ಚಾಪೆಗೆ ಸುರಿಯುತ್ತಿದ್ದರು. ಆಮೇಲೆ ಒಲೆಯಿಂದ ಕೆಂಡ, ಬೂದಿಯನ್ನೆಲ್ಲ ಕೋಲಿನಿಂದ ಎಳೆದು ಪಕ್ಕಕ್ಕೆ ರಾಶಿ ಮಾಡಿದರು. ಸ್ವಲ್ಪ ಹೊತ್ತಿನಲ್ಲಿ ಅದರ ಮೇಲೆ ಬಿಳಿ ಬೂದಿ ಕೂತಿತು. ಮೆತ್ತಗೆ, ತಣ್ಣಗೆ ಕಾಣುವ ಹಾಗೆ.

ನೀನು ಎಂದಿನಂತೆ ಕಂಬದ ಬುಡದಲ್ಲಿದ್ದೆ.

ಇಲ್ಲಿಯವರೆಗೆ ನಾನು ಬರೆದದ್ದನ್ನು ಓದಿದರೆ ನಿನಗೆ ಅನಿಸಬಹುದು — ಪಾಪ, ಮಗುವಿನ ಮೇಲಿನ ಕನಿಕರದಿಂದ ಬಿಚ್ಚಿದಳು, ತಿಳಿಯದ ಪ್ರಾಯ ಎಂದು. ಅಲ್ಲ ದೇವಕಿ. ಕನಿಕರ ಅಲ್ಲವೇ ಅಲ್ಲ. ನಾನು ಬಂದು ಹೋಗುವ ಮನೆಯಲ್ಲಿ ಇನ್ನೂ ಮಗುವನ್ನು ಕಟ್ಟಿಹಾಕುತ್ತಾರೆ ಎಂದು ಸಾಹೇಬರಿಗೆ ಕಂಡರೆ ನನ್ನ ಮಾನ ಹೋಗುತ್ತದೆ ಎಂದು ಬಿಚ್ಚಿದೆ. ಆ ಬಟ್ಟೆಯನ್ನು ಸುರುಟಿ ಜಗಲಿಯ ಮೇಲಿನ ಮಾಡಿನ ಎಡೆಗೆ ತುರುಕಿದೆ. ನನ್ನ ಚೀಲದಲ್ಲಿ ತಂದಿದ್ದ ಹೊಸ ಅಂಗಿ ನಿನಗೆ ತೊಡಿಸಿದೆ. ತಲೆ ಬಾಚಿದೆ. ಫೋಟೋದಲ್ಲಿ ಚೆಂದ ಕಾಣಬೇಕಲ್ಲ.

ಸಾಹೇಬರು ಬಂದರು. ಜೀಪನ್ನು ದೂರದಲ್ಲಿ ನಿಲ್ಲಿಸಿ, ಬದುವಿನ ಮೇಲೆ ನಡೆದು ಬಂದದ್ದರಿಂದ ಅವರಿಗೆ ಸುಸ್ತಾಗಿತ್ತು. ನಿನ್ನ ಅಜ್ಜ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟರು. ನಾನು ಪೂವಕ್ಕನನ್ನು ಕರೆದು, ಒಳಗೆ ಹೋಗಿ ಒಲೆ ಹೊತ್ತಿಸು, ಉರಿಯುವುದನ್ನೇ ಅವರಿಗೆ ತೋರಿಸಬೇಕು ಎಂದೆ. ಅವರು ನಿನ್ನನ್ನು ಎತ್ತಿಕೊಂಡು ಕಂಬದ ಕಡೆ ನೋಡಿದರು. ಬಟ್ಟೆ ಇರಲಿಲ್ಲ.

"ಬಟ್ಟೆ ಎಲ್ಲಿ ಅಕ್ಕ? ಇವಳನ್ನು ಕಟ್ಟಿ ಬರ್ತೇನೆ. ಅಲ್ಲಿ ಕೆಂಡ ಉಂಟು ಇನ್ನೂ."

ನಾನು ದನಿ ತಗ್ಗಿಸಿ ಗದರಿದೆ. "ಕಟ್ಟುದು ಬೇಡ ಮಾರಾಯ್ತಿ! ಸಾಹೇಬ್ರು ನೋಡಿದ್ರೆ ಎಂತ ಹೇಳ್ಲಿಕ್ಕಿಲ್ಲ? ನೀನು ಒಳಗೆ ಹೋಗು. ಮಗುವನ್ನು ನಾನು ನೋಡಿಕೊಳ್ತೇನೆ."

ಅವರು ನಂಬಿದರು. ನಿನ್ನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ದೇವಕಿ, ನಿನ್ನ ತಾಯಿ ಮಾಡಿದ ಅಜಾಗ್ರತೆ ಇದೊಂದೇ — ನನ್ನ ಮಾತನ್ನು ನಂಬಿದ್ದು.

ಒಲೆ ಹೊತ್ತಿತು. ಸಾಹೇಬರು ಎದ್ದು ಒಳಗೆ ಹೋದರು. ಅಲ್ಲಿ ಕೊಳವೆಯ ವಿಷಯ ಏನೋ ಕೇಳಿದರು. ಪೂವಕ್ಕ ಉತ್ತರ ಹೇಳತೊಡಗಿದ್ದು ನನ್ನ ಕಿವಿಗೆ ಬಿತ್ತು. ನನ್ನ ಒಲೆಯ ವಿಷಯ ಅವಳು ಹೇಳುವುದೇ? ಅಳತೆ ಹೇಳಿಕೊಟ್ಟವಳು ನಾನು... ನಿನ್ನನ್ನು ಜಗಲಿಯಲ್ಲಿ ಕೂರಿಸಿದೆ. ಕೈಗೆ ಆ ತೆಂಗಿನ ಚಿಪ್ಪು ಕೊಟ್ಟೆ. ಒಳಗೆ ಹೋದೆ.

ಒಳಗೆ ನಾವೆಲ್ಲ ನಿಂತು ಯಾರನ್ನೂ ಸುಡದ ಒಲೆಯನ್ನು ನೋಡುತ್ತಿದ್ದೆವು. ನಾನು ವಿವರಿಸುತ್ತಿದ್ದೆ. ಈ ಒಲೆಯಿಂದ ಮಕ್ಕಳಿಗೆ ಅಪಾಯವಿಲ್ಲ ಎಂದೂ ಹೇಳಿದೆ. ಆ ವಾಕ್ಯ ನನ್ನ ಬಾಯಲ್ಲಿರುವಾಗಲೇ ಹೊರಗಿನಿಂದ ನಿನ್ನ ಕೂಗು ಬಂತು.

ಎಲ್ಲರಿಗಿಂತ ಮೊದಲು ಹಾರಿದವರು ಪೂವಕ್ಕ. ನಾನು ಹೊಸ್ತಿಲು ದಾಟುವಾಗ ಅವರು ಆಗಲೇ ಬೂದಿಯ ರಾಶಿಯಲ್ಲಿ ಬರಿಗಾಲಲ್ಲಿ ನಿಂತು ನಿನ್ನನ್ನು ಎತ್ತಿಕೊಂಡಿದ್ದರು. ಅವರ ಪಾದವೂ ಸುಟ್ಟಿತ್ತು. ಅದನ್ನು ಯಾರೂ ಕೇಳಲಿಲ್ಲ — ನಿನಗೂ ಯಾರೂ ಹೇಳಿರಲಾರರು. ನೀನು ಚಿಪ್ಪಿನಲ್ಲಿ ಬೂದಿ ತುಂಬಲು ಹೋಗಿದ್ದೆ. ಚಿಪ್ಪು ಅಲ್ಲೇ ಬಿದ್ದು ಹೊಗೆಯಾಡುತ್ತಿತ್ತು.

ಜೀಪಿನಲ್ಲಿ ಪುತ್ತೂರಿಗೆ ಕೊಂಡುಹೋದೆವು. ದಾರಿಯುದ್ದಕ್ಕೂ ಪೂವಕ್ಕ ನಿನ್ನ ಕೈಯನ್ನು ಗಾಳಿಗೆ ಎತ್ತಿ ಹಿಡಿದುಕೊಂಡಿದ್ದರು. ನನ್ನ ಕಡೆ ನೋಡಲಿಲ್ಲ, ಬೈಯಲಿಲ್ಲ. ಬೈದಿದ್ದರೆ...

ಆಸ್ಪತ್ರೆಯ ಜಗಲಿಯಲ್ಲಿ ಸಾಹೇಬರು ಕೇಳಿದರು, ಮಗುವನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲವೇ ಎಂದು. ನಿನ್ನ ಅಜ್ಜ, ಅಪ್ಪ ಅಲ್ಲೇ ನಿಂತಿದ್ದರು. ಪೂವಕ್ಕ ನನ್ನತ್ತ ಕೈತೋರಿಸಿ ಹೇಳಿದರು: "ಇವರು ನೋಡಿಕೊಳ್ತೇನೆ ಅಂತ ಹೇಳಿದ್ದು."

ಎಲ್ಲರೂ ನನ್ನನ್ನು ನೋಡಿದರು. ಹೌದು ಎಂಬ ಒಂದು ಮಾತು ಸಾಕಿತ್ತು. ಹೆಚ್ಚೆಂದರೆ ನನ್ನ ಕೆಲಸ ಹೋಗುತ್ತಿತ್ತು. ಪುತ್ತೂರಿಗೆ, ನನ್ನ ಅಪ್ಪನ ಮನೆಗೆ ಹಿಂತಿರುಗುತ್ತಿದ್ದೆ. ಅನ್ನ ನೀರಿಗೆ ತೊಂದರೆ ಇರಲಿಲ್ಲ.

ನಾನು ಹೇಳಿದೆ: "ನಾನಾ? ನಾನು ಹಾಗೆ ಹೇಳಲೇ ಇಲ್ಲ. ಗಾಬರಿಯಲ್ಲಿ ಅವಳಿಗೆ ಹಾಗೆ ಕಂಡಿರಬೇಕು, ಪಾಪ."

ಆ 'ಪಾಪ' ನೋಡು! ಸುಳ್ಳಿನ ಮೇಲೆ ಕನಿಕರದ ಲೇಪ ಬೇರೆ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದಿದ್ದರೆ ಯಾರಾದರೂ ನನ್ನ ಪರವಾಗಿಯೋ ಅವರ ಪರವಾಗಿಯೋ ವಾದ ಮಾಡುತ್ತಿದ್ದರೇನೋ. ಗಾಬರಿಯಲ್ಲಿ ಬುದ್ಧಿ ಕೆಟ್ಟ ಹೆಂಗಸು ಎಂದುಬಿಟ್ಟ ಮೇಲೆ ವಾದಕ್ಕೇನು ಉಳಿಯಿತು? ನಿನ್ನ ಅಜ್ಜ ತಲೆಯಾಡಿಸಿದರು. ನಿನ್ನ ಅಪ್ಪ ನೆಲ ನೋಡಿದರು. ಆಮೇಲೆ ಆ ವಿಷಯದಲ್ಲಿ ಪೂವಕ್ಕ ಒಂದು ಮಾತೂ ಆಡಿದ್ದು ನಾನು ಕೇಳಿಲ್ಲ.

ಇನ್ನೂ ಉಂಟು. ಮುಗಿಯಲಿಲ್ಲ.

ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ನನ್ನನ್ನು ಕರೆದು ವಿವರವಾಗಿ ಹೇಳಿದರು. ಪ್ರತಿ ಬೆರಳಿನ ನಡುವೆ ಬೇರೆ ಬೇರೆ ಬಟ್ಟೆ ಇಟ್ಟು ಕಟ್ಟಬೇಕು, ದಿನಾ ಬಿಚ್ಚಿ ಬೆರಳುಗಳನ್ನು ಮೆಲ್ಲಗೆ ಚಾಚಿಸಬೇಕು, ಇಲ್ಲದಿದ್ದರೆ ಚರ್ಮ ಒಂದಕ್ಕೊಂದು ಕೂಡಿ ಕೈ ಮುದುಡಿ ಹೋಗುತ್ತದೆ ಎಂದು. ನಾನು ತರಬೇತಿ ಆದವಳಲ್ಲವೇ, ಅದಕ್ಕೆ ನನಗೆ ಹೇಳಿದರು. ಮೊದಲು ಕೆಲವು ಸಲ ಹೋದೆ. ನಾನು ಬಟ್ಟೆ ಬಿಚ್ಚುವಾಗ ಪೂವಕ್ಕ ನಿನ್ನನ್ನು ಮಡಿಲಲ್ಲಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಆ ನೋಟವನ್ನು ತಡೆಯಲಾಗದೆ ಹೋಗುವುದನ್ನು ನಿಲ್ಲಿಸಿದೆ. ಬೇರೆ ಊರುಗಳ ಕೆಲಸ ಉಂಟು ಎಂದು ನನಗೆ ನಾನೇ ಹೇಳಿಕೊಂಡೆ. ಹೇಗೆ ಕಟ್ಟಬೇಕೆಂದು ಪೂವಕ್ಕನಿಗೆ ಹೇಳಿಕೊಟ್ಟೆನೇ? ಅದೂ ಇಲ್ಲ. ಮನೆಯವರು ಬೆರಳುಗಳನ್ನೆಲ್ಲ ಒಟ್ಟಿಗೆ ಸೇರಿಸಿ ಸುತ್ತಿದರು. ಕೂಡಿಕೊಂಡವು. ಬೆಂಕಿ ಸುಟ್ಟದ್ದು ಚರ್ಮವನ್ನು. ನಿನ್ನ ಬೆರಳುಗಳನ್ನು ಕಸಿದದ್ದು ನನ್ನ ಹೇಡಿತನ.

ಮನೆಯಲ್ಲಿ ಜೋಯಿಸರಿಂದ ಪ್ರಶ್ನೆ ಇಡಿಸಿದರಂತೆ. ದೈವಕ್ಕೆ ತಂಬಿಲದ ಸೇವೆ ಬಾಕಿ ಎಂದು ಬಂತಂತೆ, ಅದನ್ನು ಕೊಟ್ಟರಂತೆ. ಆಗಲಿ, ಅವರ ನಂಬಿಕೆ. ಆದರೆ ಅಂಗಳದ ಮೂಲೆಯ ಒಲೆಗೆ ಒಂದು ಗೋಡೆ ಬಂತೇ? ಬರಲಿಲ್ಲ. ನಾನು ಮುಂದಿನ ವರ್ಷ ಆ ದಾರಿಯಲ್ಲಿ ಹೋಗುವಾಗ ನೋಡಿದ್ದೇನೆ. ಅದೇ ಮೂರು ಕಲ್ಲು, ಅದೇ ಬೂದಿ, ಸುತ್ತ ಬಯಲು. ಯಾಕೆ ಬರಬೇಕು ಹೇಳು? ತಪ್ಪು ತಾಯಿಯದು ಎಂದು ತೀರ್ಮಾನವಾದ ಮೇಲೆ ಒಲೆಯದ್ದೇನು ತಪ್ಪು? ತಾಯಿಯನ್ನು ಹೊರಗೆ ಹಾಕಿದರೆ ಆಯಿತಲ್ಲ.

ಹೊರಗೇ ಹಾಕಿದರು. ಸ್ವಲ್ಪ ದಿನ ತವರಿಗೆ ಹೋಗಿ ಬರಲಿ ಎಂದು ಕೊಲ್ಲಮೊಗ್ರಿಗೆ ಕಳುಹಿಸಿದವರು ಮತ್ತೆ ಕರೆಯಲಿಲ್ಲ. ನಿನ್ನನ್ನು ಜೊತೆಗೆ ಕೊಡಲಿಲ್ಲ. ಮಗುವಿನ ಕೈ ಸುಡಿಸಿದ್ದಲ್ಲದೆ ಸರಕಾರದ ಅಮ್ಮನ ಮೇಲೆ ಸುಳ್ಳು ಹೊರಿಸಿದವಳು — ಅದು ಅವರ ಮೇಲಿನ ಆರೋಪ. ತನ್ನ ಮಕ್ಕಳನ್ನೆಲ್ಲ ಅದೇ ಕಂಬಕ್ಕೆ ಕಟ್ಟಿ ದೊಡ್ಡ ಮಾಡಿದ ನಿನ್ನ ಅಜ್ಜಿಗೆ ಸತ್ಯ ಗೊತ್ತಿರಲಿಲ್ಲವೇ? ಈ ಸೊಸೆ ಕಟ್ಟದೆ ಬಿಡುವವಳಲ್ಲ ಎಂದು ತಿಳಿದಿರಲಿಲ್ಲವೇ? ತಿಳಿದಿತ್ತು. ಅವರೂ ಸುಮ್ಮನಿದ್ದರು. ನಿನ್ನ ಅಪ್ಪ ಇನ್ನೊಂದು ಮದುವೆಯಾದರು. ಅವರ್ಯಾರೂ ಈಗಿಲ್ಲ; ಸತ್ತವರನ್ನು ಬೈಯಬಾರದು ಎನ್ನುತ್ತಾರೆ, ನಾನು ಬೈಯುತ್ತೇನೆ. ನನ್ನನ್ನು ಬೈದ ಬಾಯಲ್ಲೇ ಬೈಯುತ್ತೇನೆ. ಒಬ್ಬ ಹೆಂಗಸನ್ನು ಮುಳುಗಿಸಲು ನಾವೆಲ್ಲ ಎಷ್ಟು ಚೆನ್ನಾಗಿ ಕೈಜೋಡಿಸಿದೆವು!

ನಾನು ಅಲ್ಲಿಗೂ ನಿಲ್ಲಿಸಲಿಲ್ಲ. ಮಹಿಳಾ ಮಂಡಲಗಳಲ್ಲಿ ಶಿಶುಪಾಲನೆಯ ಭಾಷಣ ಮಾಡುವಾಗ ಕೇಳುವವರು ಆಕಳಿಸುತ್ತಿದ್ದರು. ಒಮ್ಮೆ ನಿನ್ನ ಕತೆ ಹೇಳಿದೆ. ಹೆಸರು ಹೇಳದೆ — ಒಬ್ಬ ತಾಯಿ ಇದ್ದಳು, ಮಗುವನ್ನು ಕರುವಿನ ಹಾಗೆ ಕಟ್ಟುತ್ತಿದ್ದಳು, ಬಿಟ್ಟರೆ ತಿರುಗಿ ನೋಡುತ್ತಿರಲಿಲ್ಲ, ಒಂದು ದಿನ... ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಲ್ಲರೂ ಎದ್ದು ಕೂತರು. ಅಂದಿನಿಂದ ಅದೇ ನನ್ನ ಭಾಷಣವಾಯಿತು. ಸುಳ್ಯ, ಕಡಬ, ಪುತ್ತೂರು, ಹೋದಲ್ಲೆಲ್ಲ. ಬೇರೆ ಸೇವಿಕೆಯರು ಕಲಿತರು, ಮಾಸ್ತರರು ಕಲಿತರು. ತಾಯಂದಿರೇ, ಜಾಗ್ರತೆ! ಎಷ್ಟು ಅಗ್ಗದ ಮಾತು. ಗೋಡೆಗೆ ಮಣ್ಣು ಬೇಕು, ಕೆಲಸಕ್ಕೆ ಆಳು ಬೇಕು. ತಾಯಿಯನ್ನು ಬೈಯಲು ಏನೂ ಬೇಡ. ಆ ಸಭೆಗಳಿಂದ ಎದ್ದು ಹೋದ ಹೆಂಗಸರ ಅಂಗಳಗಳಲ್ಲಿ ಮತ್ತೆಷ್ಟು ಮಕ್ಕಳು ಸುಟ್ಟುಕೊಂಡರೋ, ಬಾವಿಗೆ ಬಿದ್ದರೋ. ಒಲೆಗಳು ಹಾಗೇ ಇದ್ದವು, ಬಾವಿಗಳು ಹಾಗೇ ಇದ್ದವು.

ಈಗ ನಿನಗೆ ನೆನಪಿರುವ ದಿನಕ್ಕೆ ಬರುತ್ತೇನೆ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನಿನ್ನನ್ನು ಓದಲು ಕಡಬದ ಕಡೆಯ ಅತ್ತೆಯ ಮನೆಯಲ್ಲಿ ಬಿಟ್ಟಿದ್ದರು, ನನಗದು ಗೊತ್ತಿರಲಿಲ್ಲ. ಅಲ್ಲಿಯ ಒಂದು ಶಾಲೆಯಲ್ಲಿ ತಾಯಂದಿರ ಸಭೆಗೆ ನನ್ನನ್ನು ಕರೆದಿದ್ದರು. ನಾನಾಗ ಸೇವಿಕೆಯರ ಮೇಲ್ವಿಚಾರಕಿ, ಕೊರಳಿಗೆ ಹಾರ ಹಾಕಿದರು. ನನ್ನ ಮಾತಿಗೆ ಮೊದಲು ಹೆಡ್ಮಾಸ್ತರರು ಎದ್ದು, ನಮ್ಮ ಶಾಲೆಯಲ್ಲೇ ಒಂದು ಉದಾಹರಣೆ ಉಂಟು ಎಂದರು. "ಬಾ ಮಗೂ, ಇವರಿಗೆ ಕೈ ತೋರಿಸು" ಎಂದು ಕರೆದರು.

ನೀನು ಮೇಲೆ ಬಂದೆ. ಎರಡು ಜಡೆ, ನೀಲಿ ಲಂಗ. ನಾನು ಮುಖದಿಂದ ಗುರುತಿಸಲಿಲ್ಲ. ನೀನು ಬಲಗೈಯನ್ನು ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದೆ. ಅಭ್ಯಾಸವಾಗಿತ್ತು ನಿನಗೆ; ಅದು ಮೊದಲ ಸಲವಲ್ಲ. ಮಾಸ್ತರರು ಕೇಳಿದರು, ಹೀಗೆ ಯಾಕೆ ಆಯಿತು ಹೇಳು. ನೀನು ಪದ್ಯ ಒಪ್ಪಿಸುವ ದನಿಯಲ್ಲಿ ಹೇಳಿದೆ:

"ನನ್ನ ತಾಯಿ ಅಜಾಗ್ರತೆ ಮಾಡಿದ್ದರಿಂದ."

ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ! ಒಂದು ಮಗುವಿನ ಸುಟ್ಟ ಕೈಯನ್ನು ಗೊಂಬೆಯ ಹಾಗೆ ಎತ್ತಿ ತೋರಿಸಿ, ಅದರ ಬಾಯಿಂದಲೇ ಅದರ ತಾಯಿಯನ್ನು ಬೈಸಿ, ಅದಕ್ಕೆ ಚಪ್ಪಾಳೆ. ಆ ಮಾಸ್ತರರ ಕೆನ್ನೆಗೆ ಹೊಡೆಯಬೇಕೆನಿಸಿತು. ಆದರೆ ಆ ಪಾಠ ಅವರಿಗೆ ಎಲ್ಲಿಂದ ಬಂತು? ಮಾತು ನನ್ನದು. ನಾನು ಊರೂರು ತಿರುಗಿ ಬಿತ್ತಿದ್ದು, ಬೆಳೆದು ನನ್ನೆದುರಿಗೇ ಬಂದು ನಿಂತಿತ್ತು.

ನಾನು ಎದ್ದು ನಿಂತೆ. ಸತ್ಯ ಹೇಳಲು ಎದ್ದೆ ಎಂದು ಬರೆಯಲು ಆಸೆಯಾಗುತ್ತದೆ. ಹಾರ ಕೊರಳಲ್ಲಿತ್ತು. ಮಕ್ಕಳ ಪೌಷ್ಟಿಕ ಆಹಾರದ ಬಗ್ಗೆ ನಾಲ್ಕು ಮಾತು ಹೇಳಿ ಕೂತೆ. ನೀನು ಮೆಟ್ಟಿಲಿಳಿದು ಹೋಗುವಾಗ ಆ ಕೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡೆ. ತೋರಿಸುವಾಗ ಇಲ್ಲದ ನಾಚಿಕೆ ಇಳಿಯುವಾಗ ಬಂತು. ಅದನ್ನು ನಾನು ನೋಡಿದೆ.

ಆ ಭಾಷಣವನ್ನು ಅಂದಿಗೇ ಬಿ‌ಟ್ಟೆ. ಆಮೇಲೆ ಹೋದ ಮನೆಗಳಲ್ಲೆಲ್ಲ ಹೆಂಗಸರನ್ನು ಬಿಟ್ಟು ಗಂಡಸರ ಜೊತೆ ಜಗಳ ಶುರುಮಾಡಿದೆ, ಒಲೆಗೆ ಗೋಡೆ ಎಬ್ಬಿಸಿ, ಬಾವಿಗೆ ಕಟ್ಟೆ ಕಟ್ಟಿಸಿ ಎಂದು. "ಈ ಹೆಂಗಸಿಗೆ ಹುಚ್ಚು" ಎಂದರು. ಕೆಲವರು ಕಟ್ಟಿದರು. ಇದನ್ನು ಪುಣ್ಯದ ಲೆಕ್ಕಕ್ಕೆ ಸೇರಿಸಬೇಡ. ನಾನು ಎಬ್ಬಿಸಿದ ಯಾವ ಗೋಡೆಯೂ ಪೂವಕ್ಕನನ್ನು ಆ ಮನೆಗೆ ಹಿಂದೆ ಕರೆತರಲಿಲ್ಲ. ಅದಕ್ಕೆ ಬೇಕಾದದ್ದು ಗೋಡೆಯಲ್ಲ, ಒಂದು ಮಾತು. ಅದನ್ನು ನಾನು ಆಡಲಿಲ್ಲ.

ಹೋದ ತಿಂಗಳು ಕೊಲ್ಲಮೊಗ್ರಿಗೆ ಹೋದೆ. ಪೂವಕ್ಕ ಇದ್ದಾರೆ ದೇವಕಿ. ನಿನಗೆ ಸತ್ತಿದ್ದಾರೆಂದು ಯಾರಾದರೂ ಹೇಳಿದ್ದರೆ ಅದೂ ಸುಳ್ಳು. ಕಾಡಿನ ಅಂಚಿನಲ್ಲಿ, ತಮ್ಮನ ಮನೆಯಲ್ಲಿದ್ದಾರೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ನಡೆಯುವಾಗ ಎಡಗಾಲನ್ನು ಸ್ವಲ್ಪ ಎಳೆಯುತ್ತಾರೆ. ಯಾವ ಕೆಂಡದ ಗುರುತು ಅದೆಂದು ನನಗೆ ಗೊತ್ತು. ಜಗಲಿಯಲ್ಲಿ ಕೂತು ತಮ್ಮನ ಮೊಮ್ಮಗುವನ್ನು ಆಡಿಸುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಗುರುತಿಸಿದರು. ಕೂತುಕೊಳ್ಳಿ ಎಂದರು.

ಮೊದಲು ಕೇಳಿದ್ದು ನಿನ್ನನ್ನು. "ಅವಳು ಯಾವ ಕೈಯಲ್ಲಿ ಊಟ ಮಾಡುದು ಅಕ್ಕ?"

ನನಗೆ ಗೊತ್ತಿರಲಿಲ್ಲ. ಇಷ್ಟೆಲ್ಲ ಮಾಡಿದ ನನಗೆ ಅಷ್ಟೂ ಗೊತ್ತಿರಲಿಲ್ಲ.

ಮನೆಯಿಂದ ಹೊರಡುವಾಗ ಹೇಳಬೇಕೆಂದು ಸಿದ್ಧಮಾಡಿಕೊಂಡ ಮಾತುಗಳೆಲ್ಲ ಮರೆತುಹೋದವು. ನಾನು ಸುಳ್ಳು ಹೇಳಿದೆ ಪೂವಕ್ಕ, ನೀವು ನನ್ನ ಕೈಗೆ ಮಗುವನ್ನು ಕೊಟ್ಟಿರಿ, ನಾನು ಬಿಟ್ಟು ಬಂದೆ, ಆಮೇಲೆ ಇಲ್ಲ ಎಂದೆ... ಅಷ್ಟೇ ಬಾಯಿಗೆ ಬಂತು. ಅಳು ಬಂತು. ಅವರಿಗೆ ಬರಲಿಲ್ಲ. ಕೇಳಿ ಮುಗಿಯುವವರೆಗೆ ಮಗುವಿನ ತಲೆಯ ಮೇಲೆ ಕೈಯಾಡಿಸುತ್ತ ಕೂತಿದ್ದರು. ಆಮೇಲೆ ಹೇಳಿದರು:

"ಇದನ್ನು ನನಗೆ ಯಾಕೆ ಹೇಳುದು? ನನಗೆ ಗೊತ್ತುಂಟಲ್ಲ. ಗೊತ್ತಿಲ್ಲದವಳಿಗೆ ಹೋಗಿ ಹೇಳಿ."

ಗೊತ್ತಿಲ್ಲದವಳು ನೀನು. ಅದಕ್ಕೇ ಇದನ್ನು ಬರೆದೆ. ಕ್ಷಮಿಸು ಎಂದು ಕೇಳುವುದಿಲ್ಲ; ಆ ಮಾತನ್ನು ನಿನ್ನ ಮೇಲೆ ಇನ್ನೊಂದು ಹೊರೆಯಾಗಿ ಹಾಕಲಾರೆ. ನಿನ್ನ ಅಪ್ಪನ ಮನೆಗೆ ಹೋಗಿ, ಉಳಿದವರೆಲ್ಲರ ಎದುರು, ಅದೇ ಜಗಲಿಯಲ್ಲಿ ನಿಂತು ಇಷ್ಟನ್ನೂ ಹೇಳುತ್ತೇನೆ. ಕಡಬದ ಆ ಶಾಲೆಯಲ್ಲಿ ಕೇಳುವವರು ಇನ್ನೂ ಇದ್ದರೆ ಅಲ್ಲಿಯೂ. ಪೂವಕ್ಕನ ಪ್ರಶ್ನೆಗೆ ಉತ್ತರ ಮಾತ್ರ ನಿನ್ನ ಹತ್ತಿರ ಉಂಟು.

ಕೊನೆಗೆ ಒಂದನ್ನು ಹೇಳಿ ಮುಗಿಸುತ್ತೇನೆ. ಅಷ್ಟು ಹೇಳಿದ ಮೇಲೆ ಅವರು ನನಗೆ ಕುಡಿಯಲು ನೀರು ತರಲೆಂದು ಎದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಗುವನ್ನು ನೋಡಿದರು, ನನ್ನನ್ನು ನೋಡಿದರು. ನಾನು ಅದರಿಂದ ಒಂದು ಮಾರು ದೂರದಲ್ಲಿ ಕೂತಿದ್ದೆ. ಅವರು ಹೆಗಲ ಮೇಲಿನ ಹಳೆಯ ಬಟ್ಟೆಯನ್ನು ತೆಗೆದು, ಮಗುವಿನ ಸೊಂಟಕ್ಕೆ ಸುತ್ತಿ, ಬೆನ್ನ ಹಿಂದೆ ಗಂಟು ಹಾಕಿ, ಕಂಬಕ್ಕೆ ಬಿಗಿದರು. ಒಮ್ಮೆ ಎಳೆದು ನೋಡಿದರು. ಆಮೇಲೆ ಒಳಗೆ ಹೋದರು.

ನಾನಿದ್ದೇನಲ್ಲ, ನೋಡಿಕೊಳ್ಳುತ್ತೇನೆ ಎನ್ನಲು ನನಗೆ ಬಾಯಿ ಬರಲಿಲ್ಲ.